ಕತ್ತಿ ಗಂಟಲಿನ ಮೇಲಿದ್ದಾಗ

ಫೆಬ್ರವರಿ ೪
ಅಂಗಡಿಯಿಂದ

ಪ್ರೀತಿಯ ಮರಿಗೆ,

ನೀನು ಹೋದ ಮೇಲೆ ಇದು ಮೂರನೇ ಸಲ ಬರೆಯಲು ಕೂತದ್ದು. ಮೊದಲಿನ ಎರಡನ್ನು ನಿಮ್ಮಮ್ಮ ಓದಿ, "ಇದನ್ನ ಕಳಿಸಿದ್ರೆ ಹುಡುಗಿ ಹೆದರಿ ಜ್ವರ ಬರಿಸ್ಕೋತಾಳೆ" ಎಂದು ಹರಿದು ಹಾಕಿದಳು. ಐದನೇ ಕ್ಲಾಸು ಮುಗಿಯುವ ಮೊದಲೇ ನನ್ನಪ್ಪ ನನ್ನನ್ನು ಶಾಲೆಯಿಂದ ಎಬ್ಬಿಸಿಕೊಂಡು ಬಂದು ಕೈಗೆ ಸೋಪಿನ ಬ್ರಷ್ಷು ಕೊಟ್ಟವನು. ಒತ್ತಕ್ಷರ ತಪ್ಪಿದ್ದರೆ ನಗಬೇಡ. ನಗುವುದಾದರೆ ಒಬ್ಬಳೇ ನಗು, ಪಕ್ಕದವರಿಗೆ ತೋರಿಸಬೇಡ.

ತಲುಪಿದೆಯಾ? ತಲುಪಿರುತ್ತೀಯ, ಇಲ್ಲದಿದ್ದರೆ ಸುದ್ದಿ ಬರುತ್ತಿತ್ತು. ಆದರೆ ಸುದ್ದಿ ಬರುವುದಕ್ಕೆ ಫೋನು ಬೇಕಲ್ಲ, ಅದನ್ನು ತರಬೇತಿಯವರು ಕಿತ್ತುಕೊಂಡಿದ್ದಾರೆ. ಕಿತ್ತುಕೊಳ್ಳುವುದಲ್ಲ, ತೆಗೆದಿಟ್ಟುಕೊಳ್ಳುವುದು ಎಂದು ನೀನು ಹೋಗುವಾಗ ತಿದ್ದಿದ್ದೆ. ಆರು ತಿಂಗಳು ಫೋನು ತೆಗೆದಿಟ್ಟುಕೊಳ್ಳುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಏನು ವ್ಯತ್ಯಾಸವೋ ನನಗೆ ತಿಳಿಯದು.

ನಾನಾಗಿ ಏನೂ ಯೋಚನೆ ಮಾಡುತ್ತಿಲ್ಲ. ರೇಡಿಯೋ ಇದ್ದಾನಲ್ಲ, ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸು ಕೂಗಿ ಕೂಗಿ ನಿವೃತ್ತನಾದವನು, ಅವನು ನಿನ್ನೆ ಗಡ್ಡಕ್ಕೆ ಕೂತಾಗ ಕೇಳಿದ: "ಮಗಳನ್ನ ಆ ನಾಯಕತ್ವದ ತರಬೇತಿ ಕೇಂದ್ರಕ್ಕೆ ಕಳಿಸಿದ್ಯಂತೆ? ನಾಯಕತ್ವ ಅಂದ್ರೆ ಕಲಿಸಿ ಬರೋದಾ ಮಾರಾಯ? ಅದು ಬರೀ ಬೋರ್ಡು. ಒಳಗಡೆ ಬೇರೆ ಇದೆ." ಏನಿದೆ ಎಂದೆ. "ಗೊತ್ತಾಗೋ ಹಾಗಿದ್ರೆ ಒಳಗೆ ಯಾಕೆ ಇಡ್ತಿದ್ರು?" ಎಂದ. ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತವರೆಲ್ಲ ಅಲ್ಲಿಂದಲೇ ಬಂದವರಂತೆ. ಯಾರು ಎಲ್ಲಿ ಕೂರಬೇಕು ಎಂದು ಅಲ್ಲೇ ತೀರ್ಮಾನವಾಗುತ್ತದಂತೆ. ನೆಲಮಾಳಿಗೆ ಇದೆಯಂತೆ, ಅಲ್ಲಿಗೆ ಎಲ್ಲರನ್ನೂ ಬಿಡುವುದಿಲ್ಲವಂತೆ.

ನೀನು ನೀರು ಸರಬರಾಜಿನವಳು. ಪಂಪ್‌ಹೌಸಿಗೆ ಮುಖ್ಯಸ್ಥೆಯಾಗಬೇಕಾದರೆ ಈ ತರಬೇತಿ ಮುಗಿಸಬೇಕು ಎಂದು ಕಚೇರಿಯವರೇ ಖರ್ಚು ಹಾಕಿ ಕಳಿಸಿದ್ದಾರೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ಕೇಳುತ್ತೇನೆ: ಏನಾದರೂ ಸಹಿ ಹಾಕಿಸಿಕೊಂಡರಾ? ಊಟ ಎಲ್ಲರಿಗೂ ಒಂದೇ ಪಾತ್ರೆಯದ್ದಾ? ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ನೆಲಮಾಳಿಗೆ ಇದೆಯಾ?

ಕಾಲಿಗೆ ಚಳಿ ಆಗುತ್ತದಾ ಕೇಳಿ ಎಂದು ನಿಮ್ಮಮ್ಮ ಹೇಳಿದಳು. ಅವಳಿಗೆ ಅದೊಂದೇ ಚಿಂತೆ. ಅದೃಷ್ಟವಂತೆ.

ನಿನ್ನ
ಅಪ್ಪ


ಫೆಬ್ರವರಿ ೧೭

ಅಪ್ಪ,

ನಗಲಿಲ್ಲ. ಒಂದೇ ಒಂದು ಸಲ ನಕ್ಕೆ, ಒತ್ತಕ್ಷರಕ್ಕಲ್ಲ, ಊಟದ ಪಾತ್ರೆಗೆ. ಹೌದು, ಎಲ್ಲರಿಗೂ ಒಂದೇ ಪಾತ್ರೆ. ವಿಷ ಹಾಕಿದರೆ ಕೇಂದ್ರದ ನಿರ್ದೇಶಕರೂ ಹೋಗುತ್ತಾರೆ.

ಚಿಲಕ ಒಳಗಿನಿಂದ ಇದೆ. ಸಹಿ ಹಾಕಿದ್ದು ಒಂದಕ್ಕೆ: ಕೊಟ್ಟ ಹಾಸಿಗೆ, ಬಕೆಟ್ಟು ಹಾಳುಮಾಡುವುದಿಲ್ಲ ಎಂದು. ನೆಲಮಾಳಿಗೆ ಇದೆ. ಇಳಿದು ನೋಡಿಬಂದೆ. ಸೈಕಲ್ಲುಗಳಿವೆ, ಮುರಿದ ಕುರ್ಚಿಗಳಿವೆ. ರೇಡಿಯೋ ಮಾವನಿಗೆ ಹೇಳು, ಬೀಗವೂ ಇಲ್ಲ.

ಫೋನು ಯಾಕೆ ತೆಗೆದಿಡುತ್ತಾರೆ ಎಂದರೆ, ಹಿಂದೆ ಬಂದವರು ಪಾಠ ನಡೆಯುವಾಗ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರಂತೆ. ಕಾಗದ ಬರೆಯಿರಿ, ಬರೆಯುವಾಗ ಯೋಚನೆ ಬರುತ್ತದೆ ಎನ್ನುತ್ತಾರೆ. ನಿನಗೆ ಅದಿಲ್ಲದೆಯೇ ಬೇಕಾದಷ್ಟು ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲ.

ಬೆಳಗ್ಗೆ ಎಲ್ಲರೂ ಕುರ್ಚಿ ದುಂಡಗೆ ಹಾಕಿಕೊಂಡು ಕೂರುತ್ತೇವೆ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ. ಇದಕ್ಕೆ ಆಲಿಸುವ ಅಭ್ಯಾಸ ಎನ್ನುತ್ತಾರೆ. ನಿನ್ನೆ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ಹುಲ್ಲಿನ ಮೇಲೆ ಬಿದ್ದಿದ್ದ ಹಗ್ಗ ಹುಡುಕಿಸಿ, ಎಲ್ಲರೂ ಸೇರಿ ಅದನ್ನು ಚೌಕ ಮಾಡಿ ಎಂದರು. ಅಗ್ನಿಶಾಮಕದಿಂದ ಬಂದವಳೊಬ್ಬಳು ಇದ್ದಾಳೆ, ನನ್ನ ಕೋಣೆಯವಳು. ಅವಳು ಕೂಗಾಡಿಯೇ ಎಲ್ಲರನ್ನೂ ನಿಲ್ಲಿಸಿದಳು. ಚೌಕ ಆಗಲಿಲ್ಲ, ಬದನೆಕಾಯಿ ಥರ ಏನೋ ಆಯಿತು.

ಕಾಲಿಗೆ ಚಳಿ ಆಗುತ್ತದೆ. ಅಮ್ಮನಿಗೆ ಹೇಳು.

ನಿನ್ನ
ಮರಿ


ಮಾರ್ಚ್ ೯
ಅಂಗಡಿಯಿಂದ

ಪ್ರೀತಿಯ ಮರಿಗೆ,

ಕಾಲುಚೀಲ ಬೇರೆ ಕಟ್ಟಿನಲ್ಲಿ ಬರುತ್ತಿದೆ.

ನಿನ್ನ ಕಾಗದ ಬಂದ ದಿನ ನನಗೆ ಎಷ್ಟು ಧೈರ್ಯ ಬಂತೆಂದರೆ, ಇದನ್ನು ಓದಿ ಹೇಳಿದರೆ ಇವರ ಬಾಯಿ ಮುಚ್ಚುತ್ತದೆ ಎಂದುಕೊಂಡು ಅಂಗಡಿಗೆ ತಂದೆ. ರೇಡಿಯೋ ಇದ್ದ. ವಿದ್ಯುತ್ ಸಾಮಾನಿನ ಅಂಗಡಿಯವನಿದ್ದ, ಏನು ಹೇಳಿದರೂ "ಪ್ರೂಫ್ ಇದೆ" ಎನ್ನುತ್ತಾನಲ್ಲ, ಅವನು. ಕುರ್ಚಿಯಲ್ಲಿ ಹೊಸ ಗಿರಾಕಿಯೊಬ್ಬ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ನಾನು ಗಟ್ಟಿಯಾಗಿ ಓದಿದೆ.

"ದುಂಡಗೆ ಯಾಕೆ ಕೂರಿಸ್ತಾರೆ?" ರೇಡಿಯೋ ಕೇಳಿದ.

"ಎಲ್ಲರ ಮುಖ ಎಲ್ಲರಿಗೂ ಕಾಣಲಿ ಅಂತ ಇರಬೇಕಣ್ಣ."

"ಅದೇ ನಾನು ಹೇಳೋದು. ಯಾರ ಮುಖ ಯಾರಿಗೆ ಕಾಣಬೇಕಾಗಿದೆ?"

ಪ್ರೂಫ್ ತೊಡೆ ತಟ್ಟಿದ. "ಸೈಕಲ್ ಅಂತೆ! ಅಲ್ಲೇ ತಿಂದು ಅಲ್ಲೇ ಮಲಗೋರಿಗೆ ಸೈಕಲ್ ಯಾಕ್ರೀ? ಎಲ್ಲಿಗೆ ಹೋಗ್ತಾರೆ? ಬೀಗ ಬೇರೆ ಇಲ್ಲ ಅಂತೆ. ಬೀಗ ಹಾಕಿದ್ರೆ ಅನುಮಾನ ಬರುತ್ತೆ ಅಂತ ತೆಗೆದಿದ್ದಾರೆ. ಇದಕ್ಕಿಂತ ಪ್ರೂಫ್ ಬೇಕಾ?"

ಕಣ್ಣಿಗೆ ಬಟ್ಟೆ ಕಟ್ಟಿದ್ದನ್ನು ಓದುವಷ್ಟರಲ್ಲಿ ಹೊಸ ಗಿರಾಕಿ ನೊರೆಯ ಸಮೇತ ತಿರುಗಿ, "ಕಣ್ಣು ಕಟ್ತಾರಾ? ನಿಮ್ಮ ಮಗಳೇನ್ರೀ ನಮ್ಮ ನೀರಿನ ಟ್ಯಾಂಕಿಗೆ ಬರೋಳು?" ಎಂದ. ಆಮೇಲೆ ಮಾತು ನನ್ನ ಕೈಯಲ್ಲಿರಲಿಲ್ಲ. ಪೊಲೀಸರನ್ನಲ್ಲ, ವಕೀಲರನ್ನಲ್ಲ, ನೀರಿನವಳನ್ನೇ ಯಾಕೆ ಆರಿಸಿಕೊಂಡರು ಎಂದು ಶುರುವಾಯಿತು. ಮೊದಲು ನೀರು, ಆಮೇಲೆ ಕರೆಂಟು, ಆಮೇಲೆ ನಾವು ಎಂದ ಪ್ರೂಫ್. ಕರೆಂಟು ಹೋದರೆ ಅವನ ವ್ಯಾಪಾರಕ್ಕೆ ಪೆಟ್ಟು, ಅದು ಬೇರೆ ಮಾತು.

ಅಂಗಡಿಯಲ್ಲಿ ನನಗೂ ನಗು ಬಂತು. ಮನೆಗೆ ಹೋಗಿ ಊಟಕ್ಕೆ ಕೂತಾಗ ನಗು ಹೋಗಿತ್ತು. ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿದೆ. "ಏನು ಹುಡುಕ್ತಿದೀರಿ? ಮಗಳನ್ನಾ?" ಎಂದಳು ನಿಮ್ಮಮ್ಮ.

ಮರಿ, ಒಂದು ಮಾತು ಕೇಳಲಾ? ಆಲಿಸುವ ಅಭ್ಯಾಸ ಎಂದು ಬರೆದಿದ್ದೀಯಲ್ಲ, ಅದು ನಿನ್ನ ಮಾತಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆಲಿಸಿಲ್ಲ, ಕೇಳಿಸಿಕೊಂಡಿದ್ದೇವೆ ಅಷ್ಟೆ. ಬರೆಯುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರಾ? ನಿಂತಿದ್ದರೆ ಮುಂದಿನ ಕಾಗದದಲ್ಲಿ ನಮ್ಮ ಹಳೇ ಬೀದಿಯ ಬೆಕ್ಕಿನ ಬಗ್ಗೆ ಏನಾದರೂ ಬರಿ, ತಿಳಿದುಕೊಳ್ಳುತ್ತೇನೆ.

ನಿನ್ನ
ಅಪ್ಪ


ಏಪ್ರಿಲ್ ೨

ಅಪ್ಪ,

ಬೆಕ್ಕಿನ ಬಗ್ಗೆ ಬರೆಯುವುದಿಲ್ಲ. ಪಕ್ಕದಲ್ಲಿ ಯಾರೂ ನಿಂತಿಲ್ಲ. ಕೋಣೆಯವಳು ಗೊರಕೆ ಹೊಡೆಯುತ್ತಿದ್ದಾಳೆ.

ನನ್ನ ಕಾಗದವನ್ನು ಅಂಗಡಿಯಲ್ಲಿ ಓದಬೇಡ. ಇದನ್ನು ಸಿಟ್ಟಿನಿಂದ ಹೇಳುತ್ತಿದ್ದೇನೆ. ನಿನಗೆ ಬರೆದದ್ದು ನಿನಗೆ.

ಇಲ್ಲಿ ತಪ್ಪೇನೂ ಇಲ್ಲ ಎಂದು ನಾನು ಹೇಳಿಲ್ಲ. ಇದೆ. ಅದು ರೇಡಿಯೋ ಮಾವನಿಗೆ ರುಚಿಸುವಂಥದ್ದಲ್ಲ. ನಿರ್ದೇಶಕರ ಫೋಟೋ ಪ್ರತಿ ಗೋಡೆಯ ಮೇಲಿದೆ, ಬಚ್ಚಲಿಗೆ ಹೋಗುವ ದಾರಿಯಲ್ಲೂ. ಬೆಳಗ್ಗೆ ಎಲ್ಲರೂ ಎದೆಗೆ ಕೈಯಿಟ್ಟು "ನಾನೇ ಬೆಟ್ಟ, ನಾನೇ ದಾರಿ" ಎಂದು ಕೂಗಬೇಕು. ನಾನು ಬಾಯಿ ಮಾತ್ರ ಆಡಿಸುತ್ತೇನೆ. ಈ ತರಬೇತಿ ಮುಗಿದ ಮೇಲೆ ಇನ್ನೊಂದು ಇದೆ, ಅದಕ್ಕಿಂತ ದೊಡ್ಡದು, ಅದಕ್ಕೂ ಸೇರಿ ಎಂದು ಈಗಲೇ ಹಿಂದೆ ಬಿದ್ದಿದ್ದಾರೆ. ಜಗತ್ತನ್ನು ಆಳುವವರು ಹೀಗೆ ಗಿರಾಕಿ ಹಿಡಿಯುವುದಿಲ್ಲ ಅಪ್ಪ. ಇವರು ಅಂಗಡಿಯವರು, ನಿನ್ನ ಹಾಗೆಯೇ. ಸ್ವಲ್ಪ ದುಬಾರಿ.

ಕಳೆದ ವಾರ ಪ್ರತಿಯೊಬ್ಬರೂ ತಮ್ಮ ಭಯ ಹೇಳಬೇಕು ಎಂದರು. ನಾನು ನಿನ್ನ ಬಗ್ಗೆ ಹೇಳಿದೆ. ನೀನು ಬಾಗಿಲ ಚಿಲಕ ನೋಡಲು ಮತ್ತೆ ಮತ್ತೆ ಎದ್ದು ಹೋಗುವುದು, ನಾನು ಚಿಕ್ಕವಳಾಗಿದ್ದಾಗ ನಿನ್ನ ಹಿಂದೆಯೇ ಬರುತ್ತಿದ್ದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅವತ್ತು ಊಟ ಸೇರಲಿಲ್ಲ. ಮನೆಯ ಮಾತು ಮಾರಿ ಚಪ್ಪಾಳೆ ತಗೊಂಡ ಹಾಗಾಯಿತು. ಒಂದೊಂದು ದಿನ ಚೀಲ ತುಂಬಿಕೊಂಡು ಬಂದುಬಿಡೋಣ ಅನ್ನಿಸುತ್ತದೆ. ಮರುದಿನ ಅನ್ನಿಸುವುದಿಲ್ಲ. ಆಸ್ಪತ್ರೆಯಲ್ಲಿ ವಾರ್ಡು ನಡೆಸಿ ನಿವೃತ್ತರಾದ ಅಮ್ಮ ಒಬ್ಬರು ಪಾಠಕ್ಕೆ ಬರುತ್ತಾರೆ. ಕೆಟ್ಟ ಸುದ್ದಿಯನ್ನು ಜನರಿಗೆ ಹೇಗೆ ಹೇಳಬೇಕು ಎಂದು ಕಲಿಸುತ್ತಾರೆ. ನೀರು ಬರುವುದಿಲ್ಲ ಎಂದು ಬೀದಿಗೆ ಹೋಗಿ ಹೇಳಿ ಬೈಸಿಕೊಳ್ಳುವವಳು ನಾನೇ ತಾನೇ. ಅವರ ಒಂದು ಪಾಠಕ್ಕೆ ಉಳಿದದ್ದನ್ನೆಲ್ಲ ಸಹಿಸಬಹುದು.

ಈ ಹುದ್ದೆ ನನಗೆ ಬೇಕು ಅಪ್ಪ. ಬೇಕು ಎಂದು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು. ನಾನಿಲ್ಲದಾಗ ಪಂಪ್‌ಹೌಸ್ ನೋಡಿಕೊಳ್ಳುತ್ತಿರುವ ಆ ಉದ್ದನೆಯವನಿಗೆ ಯಾವ ವಾಲ್ವು ಯಾವ ಬೀದಿಯದು ಎಂದೇ ಗೊತ್ತಿಲ್ಲ.

ಮರಿ


ಏಪ್ರಿಲ್ ೨೧

ಪ್ರೀತಿಯ ಮರಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಬಿಸಿಲು ಜಾಸ್ತಿ. ಅಂಗಡಿಗೆ ಹೊಸ ಟವೆಲ್ ತಂದೆ. ಅಂಗಡಿಯಲ್ಲಿ ನಿನ್ನ ಕಾಗದ ಓದಲಿಲ್ಲ. ನಿಮ್ಮಮ್ಮನಿಗೆ ಮಾತ್ರ ಓದಿದೆ.

ಶನಿವಾರ ನಿಮ್ಮ ದೊಡ್ಡ ಇಂಜಿನಿಯರ್ ಎಂದಿನಂತೆ ಗಡ್ಡಕ್ಕೆ ಬಂದಿದ್ದರು. ಒಳ್ಳೆಯ ಮನುಷ್ಯ. ನೀನು ಏನೂ ಚಿಂತೆ ಮಾಡಬೇಡ. ಎಲ್ಲ ಸರಿಹೋಗುತ್ತದೆ. ಹೆಚ್ಚಿಗೆ ಬರೆಯಲು ಏನೂ ಇಲ್ಲ.

ನಿನ್ನ
ಅಪ್ಪ


ಮೇ ೧೧

ಅಪ್ಪ,

ನಿನ್ನೆ ನಿರ್ದೇಶಕರು ಕರೆದು ಒಂದು ಕಾಗದ ತೋರಿಸಿದರು. ನಮ್ಮ ಕಚೇರಿಯದು. ಮನೆಯವರ ಕೋರಿಕೆಯ ಮೇಲೆ ನನ್ನನ್ನು ತರಬೇತಿಯಿಂದ ಬಿಡಿಸಿಕೊಳ್ಳುತ್ತಾರಂತೆ. ನಾನು ಇಲ್ಲಿ ಬಹಳ ಕಷ್ಟದಲ್ಲಿದ್ದೇನೆ, ಅಳುತ್ತಿದ್ದೇನೆ ಎಂದು ತಿಳಿದುಬಂದಿದೆಯಂತೆ. ಪಂಪ್‌ಹೌಸನ್ನು ಉದ್ದನೆಯವನಿಗೇ ಮುಂದುವರಿಸಿದ್ದಾರೆ.

ನಾನು ಅತ್ತದ್ದು ಯಾವತ್ತು? ನಿನಗೆ ಹೇಳಿದ್ದು ಯಾರು?

ನೀನು ಹೋಗಿ ಕೇಳಿದೆಯಾ? ಹೌದು ಅಥವಾ ಇಲ್ಲ. ಅಷ್ಟೇ ಬರಿ.

ಮರಿ


ಮೇ ೧೮

ಮರಿಗೆ,

ಹೌದು.

ಅಷ್ಟೇ ಬರಿ ಎಂದೆ. ಬರೆದೆ. ಆದರೂ ಉಳಿದದ್ದನ್ನು ಬರೆಯುತ್ತೇನೆ. ಓದದಿದ್ದರೂ ಸರಿ.

ನಿನ್ನ ಏಪ್ರಿಲ್ಲಿನ ಕಾಗದದಲ್ಲಿ ಚೀಲ ತುಂಬಿಕೊಂಡು ಬಂದುಬಿಡೋಣ ಅನ್ನಿಸುತ್ತದೆ ಎಂದಿತ್ತಲ್ಲ, ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಅದರ ಮುಂದಿನ ಸಾಲು ಓದಿದೆ, ತಲೆಗೆ ಹೋಗಲಿಲ್ಲ. ಹುದ್ದೆ ಬೇಕು ಎಂದು ಬರೆದದ್ದನ್ನೂ ಓದಿದೆ. ಹಾಗೆ ಬರೆಸಿರಬಹುದು ಎಂದುಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ.

ಶನಿವಾರ ಇಂಜಿನಿಯರ್ ಸಾಹೇಬರು ಬಂದು ಕೂತರು. ಒಂದು ಕೆನ್ನೆ ಮುಗಿದಿತ್ತು. ತಲೆ ಹಿಂದಕ್ಕೆ ಒರಗಿಸಿ ಗಂಟಲಿಗೆ ಕತ್ತಿ ಇಟ್ಟೆ. ಆಗ ಬಾಯಿಂದ ಬಂದುಬಿಟ್ಟಿತು: "ಸಾರ್, ನಮ್ಮ ಹುಡುಗಿ ಅಲ್ಲಿ ಅಳ್ತಾ ಇದಾಳೆ ಸಾರ್. ಬಾಯಿ ಬಿಟ್ಟು ಹೇಳೋಳಲ್ಲ ಅವಳು. ನೀವೇ ವಾಪಸ್ ಕರೆಸಿಬಿಡಿ." ಸಾಹೇಬರು "ಹೂಂ" ಎಂದರು.

ಕತ್ತಿ ಗಂಟಲಿನ ಮೇಲಿದ್ದಾಗ ಗಿರಾಕಿಯನ್ನು ಏನೂ ಕೇಳಬಾರದು ಎಂದು ನನ್ನಪ್ಪ ಮೊದಲ ದಿನವೇ ಹೇಳಿಕೊಟ್ಟಿದ್ದ. ಅವನು ತಿರುಗಿ ಕೇಳುವ ಹಾಗಿಲ್ಲ, ತಲೆ ಆಡಿಸುವ ಹಾಗಿಲ್ಲ. ಮುಖ ಒರೆಸಿ, ಕುರ್ಚಿ ನೇರ ಮಾಡಿ, ಆಮೇಲೆ ಮಾತು. ಇಷ್ಟು ವರ್ಷ ಅದನ್ನು ಪಾಲಿಸಿದ್ದೇನೆ. ಅವತ್ತು ಮುಖ ಒರೆಸಿದ ಮೇಲೆ ಮತ್ತೆ ಕೇಳಲಿಲ್ಲ. ಕೇಳಿದರೆ ಅವರು ಏನಾದರೂ ಕೇಳುತ್ತಾರೆ, ಅವಳು ಅಳುವುದನ್ನು ನೀನು ನೋಡಿದೆಯಾ ಎನ್ನುತ್ತಾರೆ ಎಂದು ಒಳಗೆ ಗೊತ್ತಿತ್ತು. ಅದಕ್ಕೇ ಕತ್ತಿ ಇಟ್ಟಾಗ ಹೇಳಿದೆನೋ ಏನೋ. ಪಟಿಕದ ಕಲ್ಲು ಸವರಿ ಕಳಿಸಿದೆ.

ನಿನ್ನ ಈ ಕೊನೆಯ ಕಾಗದ ಬಂದ ಮರುದಿನ ಅಂಗಡಿಗೆ ಬಾಗಿಲು ಹಾಕಿ ಸಾಹೇಬರ ಕಚೇರಿಗೆ ಹೋದೆ. ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆದಾಗ ನಾನು ಸುಳ್ಳು ಹೇಳಿದೆ ಸಾರ್ ಎಂದೆ. ಅವರು ಸಿಟ್ಟಾಗಲಿಲ್ಲ. "ನೀವು ಮಗಳ ಮಾತು ತಂದಿದ್ದೀರಿ ಅಂದ್ಕೊಂಡೆ. ಕೇಳೋಣ ಅಂದ್ರೆ ನಿಮ್ಮ ಕೈಲಿ ಕತ್ತಿ ಇತ್ತು" ಎಂದರು. ಆಮೇಲೆ ಹೇಳಿದರು: "ಬೀದಿಯವರೂ ಬಂದು ಅರ್ಜಿ ಕೊಟ್ಟು ಹೋಗಿದ್ದಾರೆ, ಅಲ್ಲಿ ತರಬೇತಿ ಆದವಳು ನಮ್ಮ ಟ್ಯಾಂಕಿಗೆ ಬೇಡ ಅಂತ. ಅದನ್ನ ಮೂಲೆಗೆ ಹಾಕ್ತಿದ್ದೆ. ಈಗ ಅವಳ ಅಪ್ಪನೇ ಬೇಡ ಅಂದಿದ್ದಾರೆ ಅಂತ ಊರೆಲ್ಲ ಆಗಿದೆ. ಒಂದು ಸಲ ನಿಮ್ಮ ಮಾತು ಕೇಳಿ ಕೆಟ್ಟೆ. ಇನ್ನು ಅವಳೇ ಬಂದು ನೀರಿನ ಸಮಿತಿ ಮುಂದೆ ಹೇಳಲಿ. ಅಲ್ಲೀವರೆಗೆ ತರಬೇತಿಯಲ್ಲೇ ಇರಲಿ."

ನಾನು ಬಂದು ಹೇಳಲಾ ಎಂದು ಕೇಳಿದೆ. ನೀವು ಬರಬೇಡಿ ಎಂದರು.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಿಲ್ಲಿಸುತ್ತೇನೆ.

ಅಪ್ಪ


ಜೂನ್ ೬

ಮಗಳೇ,

ನಾನು, ಅಮ್ಮ. ನನಗೆ ಬರೆಯುವ ಅಭ್ಯಾಸವಿಲ್ಲ, ಬೇಗ ಮುಗಿಸುತ್ತೇನೆ.

ನಿನ್ನಿಂದ ಕಾಗದವಿಲ್ಲ. ನಿಮ್ಮಪ್ಪ ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ಅವನು ಹೋದ ಮೇಲೆ ಅಂಗಡಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಕೂತವರಿಗೆಲ್ಲ, ಕೇಳಲಿ ಬಿಡಲಿ, ನಾನು ಸುಳ್ಳು ಹೇಳಿ ಮಗಳ ಹುದ್ದೆ ಕಳೆದೆ ಎನ್ನುತ್ತಾರೆ. ಅವರು ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊನ್ನೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ರೇಡಿಯೋ ಕುರ್ಚಿಯಲ್ಲಿದ್ದ. ಒಂದು ಕೆನ್ನೆ ಆಗಿತ್ತು.

"ನಾನು ಹೇಳಿರ್ಲಿಲ್ವಾ?" ಅಂದ. "ಹುಡುಗಿ ಅಲ್ಲಿ ಏನೋ ನೋಡಬಾರದ್ದು ನೋಡಿದಾಳೆ. ಅದಕ್ಕೇ ಕರೆಸ್ಕೊಂಡ್ರಿ."

"ಅವಳು ಏನೂ ನೋಡಿಲ್ಲಣ್ಣ. ನಾನು ಸುಳ್ಳು ಹೇಳಿದ್ದು."

"ನಿನ್ನ ಕೈಲಿ ಸುಳ್ಳು ಹೇಳಿಸಿದ್ಯಾರು?"

"ಯಾರೂ ಇಲ್ಲ. ನನ್ನ ಪುಕ್ಕಲುತನ."

"ಹಾಗಂತ ಹೇಳು ಅಂತಾನೂ ಅವರೇ ಹೇಳಿಕೊಟ್ಟಿರ್ತಾರೆ."

ನಿಮ್ಮಪ್ಪ ಕತ್ತಿ ಕೆಳಗಿಟ್ಟರು. ಟವೆಲ್ ತೆಗೆದರು. "ಏಳಣ್ಣ" ಅಂದರು.

"ಇನ್ನೊಂದು ಕೆನ್ನೆ?"

"ಅದನ್ನ ಅವರ ಹತ್ರಾನೇ ಮಾಡಿಸ್ಕೋ."

ರೇಡಿಯೋ ಒಂದು ಕೆನ್ನೆಗೆ ನೊರೆ ಇಟ್ಟುಕೊಂಡೇ ಬೀದಿಗೆ ಇಳಿದ. ಅವತ್ತು ಸಂಜೆಯೊಳಗೆ ಹೊಸ ಸುದ್ದಿ ಬಂತು: ಮಗಳ ಜೊತೆ ಅಪ್ಪನಿಗೂ ತರಬೇತಿ ಆಗಿದೆಯಂತೆ, ಅಂಚೆಯಲ್ಲಿ. ನನಗೆ ನಗು ತಡೆಯಲಾಗಲಿಲ್ಲ. ನಿಮ್ಮಪ್ಪ ನಗಲಿಲ್ಲ. ಅಂಗಡಿಗೆ ಈಗ ಜನ ಕಡಿಮೆ.

ಕ್ಷಮಿಸಿಬಿಡು ಅಂತ ನಾನು ಹೇಳುವುದಿಲ್ಲ. ನನಗೂ ಸಿಟ್ಟಿದೆ. ಹೊಟ್ಟೆಯಲ್ಲಿ ಹುಟ್ಟಿದವಳ ಮೇಲಿನ ಅಕ್ಕರೆಗೆ ಮಾಡಿದರು ಅಂತ ಜನ ಅನ್ನುತ್ತಾರೆ, ಅಕ್ಕರೆಗೆ ಮಾಡಿದ ತಪ್ಪೇನು ತಪ್ಪಲ್ಲವಾ? ಸಮಿತಿಗೆ ಬರುವುದಾದರೆ ಬಾ. ಮನೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಅಡಿಗೆ ಮಾಡಿಟ್ಟಿರುತ್ತೇನೆ.

ಅಮ್ಮ


ಜುಲೈ ೧

ಅಪ್ಪ, ಅಮ್ಮ,

ಸಮಿತಿಗೆ ಬಂದು ಹೋದೆ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಬೇಕು.

ಇಂಜಿನಿಯರ್ ಇದ್ದರು, ಕಚೇರಿಯವರು ಇದ್ದರು, ಬೀದಿಯ ಪರವಾಗಿ ಪ್ರೂಫ್ ಇದ್ದ. ಚಹಾ ಕೊಟ್ಟರು. ಅಲ್ಲಿ ಏನು ಕಲಿಸಿದರು ಎಂದು ಕೇಳಿದರು, ಹೇಳಿದೆ. ನೆಲಮಾಳಿಗೆಯಲ್ಲಿ ಏನಿದೆ ಎಂದು ಪ್ರೂಫ್ ಕೇಳಿದ. ಸೈಕಲ್ಲು ಎಂದೆ. ಯಾರೂ ನಗಲಿಲ್ಲ. ಟ್ಯಾಂಕಿನ ಕೀಲಿ ಅವರ ಕೈಗೆ ಕೊಡುವುದಿಲ್ಲ ಎನ್ನುವುದಕ್ಕೆ ಏನು ಪ್ರೂಫ್ ಎಂದ. ಕೊಡದೇ ಇರುವುದಕ್ಕೆ ಪ್ರೂಫ್ ಎಲ್ಲಿಂದ ತರಲಿ ಎಂದೆ. ಅಲ್ಲಿಯವರೆಗೆ ನಾನು ಚೆನ್ನಾಗಿಯೇ ಮಾತಾಡಿದೆ.

ಆಮೇಲೆ ಅವನು, "ಹೆತ್ತ ಅಪ್ಪನಿಗೇ ನಂಬಿಕೆ ಬರಲಿಲ್ಲ, ನಮಗೆ ಹೇಗಮ್ಮ ಬರುತ್ತೆ?" ಎಂದ. ಮನೆಯವರು ಹೆದರಿದ್ದರು, ಅದು ಬೇರೆ, ಇದು ಬೇರೆ ಎಂದು ಏನೋ ಹೇಳಿದೆ. ಮಾತಿನಲ್ಲಿ ಗಟ್ಟಿಯಿರಲಿಲ್ಲ. ಅದು ನನಗೇ ಕೇಳಿಸುತ್ತಿತ್ತು.

ಹುದ್ದೆ ಉದ್ದನೆಯವನಿಗೇ ಆಯಿತು. ತರಬೇತಿ ಪೂರ್ತಿ ಮಾಡಲು ಮಾತ್ರ ಬಿಟ್ಟರು, ಕಟ್ಟಿದ ಶುಲ್ಕ ಹಾಳಾಗಬಾರದಲ್ಲ. ಬೇರೆ ಊರಿನ ಪಂಪ್‌ಹೌಸಿನಲ್ಲಿ ಒಂದು ಜಾಗ ಖಾಲಿ ಇದೆ. ಮುಖ್ಯಸ್ಥೆಯಲ್ಲ, ಒಂದು ಪಾಳಿಯ ಮೇಲ್ವಿಚಾರಣೆ. ಅದನ್ನು ನಾನೇ ಕೇಳಿ ತಗೊಂಡೆ. ಮುಂದಿನ ತಿಂಗಳಿಂದ ಅಲ್ಲಿ.

ಅಮ್ಮ, ಮಾಡಿಟ್ಟಿದ್ದ ಅಡಿಗೆ ಹಾಳಾಯಿತೇನೋ. ವಾಪಸ್ ಹೋಗುವಾಗ ಬಸ್ಸು ಅಂಗಡಿಯ ಎದುರು ಸಿಗ್ನಲ್ಲಿಗೆ ನಿಂತಿತು. ಅಪ್ಪ ಒಳಗೆ ಕೂದಲು ಗುಡಿಸುತ್ತಿದ್ದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದ. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಇಳಿಯಬಾರದು ಎಂದುಕೊಂಡಿರಲಿಲ್ಲ. ಇಳಿಯಬೇಕು ಎಂದೂ ಅಂದುಕೊಳ್ಳಲಾಗಲಿಲ್ಲ. ಬಸ್ಸು ಹೊರಟಿತು.

ಸ್ವಲ್ಪ ದಿನ ಬರೆಯುವುದಿಲ್ಲ. ಆರೋಗ್ಯವಾಗಿದ್ದೇನೆ. ಅಳುತ್ತಿಲ್ಲ.

ಮರಿ


ಸೆಪ್ಟೆಂಬರ್ ೧೪
ಅಂಗಡಿಯಿಂದ

ಮರಿಗೆ,

ವಿಳಾಸವನ್ನು ನಿಮ್ಮ ಕಚೇರಿಯ ಜವಾನ ಕೊಟ್ಟ. ಕೇಳಬಾರದಿತ್ತೇನೋ. ತಪ್ಪಾಗಿದ್ದರೆ ಹೇಳು.

ಇಲ್ಲಿನ ಸುದ್ದಿ ಹೇಳುತ್ತೇನೆ. ರೇಡಿಯೋ ವಾಪಸ್ ಬರುತ್ತಿದ್ದಾನೆ. ಇನ್ನೊಂದು ಅಂಗಡಿಯವನು ಕಿವಿ ಕೊಯ್ದನಂತೆ. ಬಂದು ಕೂರುತ್ತಾನೆ, ನಿನ್ನ ಸುದ್ದಿ ಎತ್ತುವುದಿಲ್ಲ. ಈಗ ಮೋಡ ಬಿತ್ತಿ ಮಳೆ ತರಿಸುವವರ ಹಿಂದೆ ಬಿದ್ದಿದ್ದಾನೆ. ನಾನು ಉತ್ತರ ಕೊಡುವುದಿಲ್ಲ. ಆಲಿಸುತ್ತೇನೆ.

ಕಳೆದ ವಾರ ಬ್ರೆಡ್ಡಿನ ಅಂಗಡಿಯವನು ಕಟಿಂಗಿಗೆ ಬಂದಿದ್ದ. ಅವನ ಸೊಸೆ ಶಾಲೆಯಲ್ಲಿ ಮೇಡಂ. ಅವಳನ್ನು ನೀನಿದ್ದ ಜಾಗಕ್ಕೇ ಕಳಿಸುತ್ತಾರಂತೆ. ಬೇರೆಯವರೆಲ್ಲ ಹೋಗುವವರೆಗೆ ಕಾದ. ಆಮೇಲೆ ಮೆಲ್ಲಗೆ, "ಅಲ್ಲಿ ನಿಜವಾಗ್ಲೂ ಏನಿದೆ ಯಜಮಾನ್ರೇ? ನಿಮಗೆ ಗೊತ್ತಿರುತ್ತೆ" ಎಂದ. ನಾನು ಕತ್ತರಿ ಕೆಳಗಿಟ್ಟು ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಗೋಡೆ ತುಂಬ ಫೋಟೋ ಇದೆಯಂತೆ, ಬೆಳಗ್ಗೆ ಕೂಗಿಸುತ್ತಾರಂತೆ, ದುಡ್ಡು ಜಾಸ್ತಿಯಂತೆ, ಒಬ್ಬರು ಒಳ್ಳೆಯ ಮೇಡಂ ಇದ್ದಾರಂತೆ ಎಂದೆ. ಅಷ್ಟೇನಾ ಎಂದ. ಅವನ ಮುಖ ನೋಡಿದರೆ ಇನ್ನೂ ಏನಾದರೂ ಇದ್ದರೆ ಚೆನ್ನಾಗಿತ್ತು ಎನ್ನುವಂತಿತ್ತು. ನನಗೆ ಅದು ಚೆನ್ನಾಗಿ ಗೊತ್ತು ಮರಿ. ಏನಾದರೂ ಇದ್ದರೆ ನಮ್ಮ ಭಯಕ್ಕೆ ಮರ್ಯಾದೆ.

"ಕಳಿಸಲಾ ಬೇಡವಾ?" ಎಂದು ಕೇಳಿದ. ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ ಎಂದೆ. ಅವಳು ಹೂಂ ಅಂದರೆ ಸುಮ್ಮನಿರಿ, ಊಹೂಂ ಅಂದರೂ ಸುಮ್ಮನಿರಿ, ಅವಳ ಪರವಾಗಿ ಹೋಗಿ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದೆ. ಹುಚ್ಚನನ್ನು ನೋಡಿದ ಹಾಗೆ ನೋಡಿ, ದುಡ್ಡು ಕೊಟ್ಟು ಹೋದ.

ನನ್ನ ಭಯ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಅಲ್ಲಿ ಪಾಳಿ ಮುಗಿಸಿ ಹೇಗೆ ಬರುತ್ತೀಯ, ಜೊತೆಗೆ ಯಾರಿರುತ್ತಾರೆ, ಮನೆಯ ಯಜಮಾನ ಎಂಥವನು, ಎಲ್ಲ ತಲೆಯಲ್ಲಿ ಸುತ್ತುತ್ತಿದೆ. ಅವನ್ನೆಲ್ಲ ಬರೆದು ಹೊಡೆದು ಹಾಕಿದೆ. ಅದಕ್ಕೇ ಇಷ್ಟು ಗೀಚು.

ಕೇಳಬೇಕಾದದ್ದು ಒಂದೇ. ನಾನು ಅಲ್ಲಿಗೆ ಬಂದು ನಿನ್ನನ್ನು ನೋಡಬಹುದಾ? ಬಸ್ಸಿನ ಸಮಯ ವಿಚಾರಿಸಿಲ್ಲ. ಅಂಗಡಿಗೆ ರಜೆ ಹಾಕಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ. ನೀನು ಬೇಡ ಅಂದರೆ ಬರುವುದಿಲ್ಲ. ಏನೂ ಬರೆಯದಿದ್ದರೆ ಅದನ್ನು ಬಾ ಎಂದು ತಿಳಿದುಕೊಳ್ಳುವುದಿಲ್ಲ.

ಅಪ್ಪ


ಸೆಪ್ಟೆಂಬರ್ ೨೫
ಪಂಪ್‌ಹೌಸಿನಿಂದ

ಅಪ್ಪ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಸಿಟ್ಟು ಇನ್ನೂ ಇದೆ. ಅದು ಇದ್ದುಕೊಂಡೇ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಪಾಳಿ ಮುಗಿಯುತ್ತದೆ. ಬಾ. ಅಮ್ಮ ಬರುವುದಾದರೆ ಅವಳೂ ಬರಲಿ. ಬಸ್ಸು ಇಳಿದು ಎಡಕ್ಕೆ ತಿರುಗಿದರೆ ಟ್ಯಾಂಕು ಕಾಣುತ್ತದೆ. ಗೇಟಿನ ಹತ್ತಿರ ಕಾವಲಿನವನೊಬ್ಬ ಇರುತ್ತಾನೆ, ಒಳ್ಳೆಯವನು, ಮಾತು ಜಾಸ್ತಿ. ನನ್ನ ಜ್ವರ, ನೆಗಡಿ, ಸಂಬಳ, ಜೊತೆಗಾರರು, ಯಾವುದನ್ನೂ ಅವನ ಹತ್ತಿರ ವಿಚಾರಿಸಬೇಡ. ಅವನಾಗಿ ಹೇಳಿದರೂ ಕೇಳಬೇಡ. ಬೆಂಚಿನ ಮೇಲೆ ಸುಮ್ಮನೆ ಕೂತಿರು.

ನಾನು ಕೈ ತೊಳೆದುಕೊಂಡು ಬಂದು ನಿನ್ನ ಎದುರು ಕೂರುತ್ತೇನೆ. ಆಗ ನನ್ನನ್ನು ಕೇಳು. ಹೊಡೆದು ಹಾಕಿದ್ದನ್ನೂ ಸೇರಿಸಿ, ಎಷ್ಟು ಬೇಕಾದರೂ ಕೇಳು. ಉತ್ತರ ನಾನು ಕೊಡುತ್ತೇನೆ.

ನಿನ್ನ
ಮರಿ